ಬೆಟ್ಟದ ತುಂಬಾ ಕಬ್ಬಿಣ, ರಕ್ತದಲ್ಲಿ ಕೊರತೆ

ಬಳ್ಳಾರಿ ಜಿಲ್ಲೆಯ ಗಣಿನಾಡು ಸಂಡೂರಿನ ಕಡೆಯವರಿಗೆ ಕೆಂಪು ಧೂಳಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಬಿಳಿಯಾಗಿ ಉಳಿಯುತ್ತಿರಲಿಲ್ಲ. ರಸ್ತೆ ಪಕ್ಕದ ಬೇವಿನ ಎಲೆ, ಮನೆ ಮುಂದಿನ ತುಳಸಿ, ಎಮ್ಮೆಯ ಬೆನ್ನು, ಎಲ್ಲದಕ್ಕೂ ಒಂದೇ ಬಣ್ಣ. ಆ ಬಣ್ಣ ಕಬ್ಬಿಣದ್ದು. ಟಿಪ್ಪರ್‌ಗಳು ಹಗಲೂ ರಾತ್ರಿ ಹೊತ್ತೊಯ್ದಿದ್ದೂ ಅದನ್ನೇ. ಇಷ್ಟು ಕಬ್ಬಿಣದ ನಡುವೆ ಇರುವ ಹಳ್ಳಿಗಳಲ್ಲೇ ಅಂಗನವಾಡಿಯಲ್ಲಿ ಬಸುರಿ ಹೆಂಗಸರಿಗೆ ಕಬ್ಬಿಣದ ಮಾತ್ರೆ ಹಂಚುತ್ತಾರೆ. ಹಂಚಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57ರಷ್ಟು ಜನಕ್ಕೆ ರಕ್ತಹೀನತೆ ಇದೆ. ಅದಕ್ಕಿರುವ ದೊಡ್ಡ ಕಾರಣಗಳಲ್ಲಿ ಕಬ್ಬಿಣದ ಕೊರತೆಯೂ ಒಂದು. ಉಸಿರಾಡುವ ಗಾಳಿಯಲ್ಲಿ, ಕಾಲಡಿಯ ಮಣ್ಣಲ್ಲಿ, ಬಾವಿಯ ಕಟ್ಟೆ ಮೇಲೆ ಕಬ್ಬಿಣ. ರಕ್ತದಲ್ಲಿ ಮಾತ್ರ ಸಾಲದು. ಇದು ನನ್ನನ್ನು ಬಹಳ ವರ್ಷ ಕಾಡಿದ ವಿಷಯ.

ಊಟ ಸರಿಯಿಲ್ಲ, ಸೊಪ್ಪು ತಿನ್ನಲ್ಲ, ಹೆಂಗಸರಿಗೆ ಕೊನೆಗೆ ಉಳಿದದ್ದೇ ಊಟ. ಇವೆಲ್ಲ ನಿಜ, ಇವನ್ನು ಸರಿ ಮಾಡಲೇಬೇಕು. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಭೂಮಿಯ ಮೇಲೆ ಇಷ್ಟು ಸುಲಭವಾಗಿ ಸಿಗುವ ಲೋಹವನ್ನು ದೇಹ ಇಷ್ಟು ಕಷ್ಟಪಟ್ಟು ಯಾಕೆ ಹೀರಿಕೊಳ್ಳುತ್ತದೆ? ಅಷ್ಟೊಂದು ಕಷ್ಟವಾಗಿದ್ದರೆ ಜೀವ ಮೊದಲಿಗೆ ಕಬ್ಬಿಣವನ್ನೇ ಯಾಕೆ ನೆಚ್ಚಿಕೊಂಡಿತು? ಈ ಎರಡಕ್ಕೂ ಉತ್ತರ ನಮ್ಮ ಬೆಟ್ಟದ ಕಲ್ಲಿನಲ್ಲೇ ಇದೆ ಅಂತ ಈಗ ನನಗೆ ಅನಿಸುತ್ತದೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಕ್ರಮ ಹೀಗಿತ್ತು: ಮೊದಲು ಭೂಮಿ ತಣ್ಣಗಾಯಿತು, ಕಲ್ಲಾಯಿತು, ಕಡಲು ತುಂಬಿತು, ಅದಾದ ಮೇಲೆ ಜೀವ ಬಂತು. ಕಲ್ಲಿನ ಕೆಲಸ ಅಲ್ಲಿಗೆ ಮುಗಿಯಿತು ಅನ್ನುವ ಹಾಗೆ. ಕಲ್ಲಿನ ಕೆಲಸ ಮುಗಿದಿರಲಿಲ್ಲ. ಜೀವ ಯಾವಾಗ ಏನಾಗಬೇಕು, ಎಷ್ಟು ಕಾಲ ಕಾಯಬೇಕು ಅನ್ನುವುದನ್ನು ನೂರಾರು ಕೋಟಿ ವರ್ಷ ಕಲ್ಲೇ ತೀರ್ಮಾನ ಮಾಡುತ್ತಿತ್ತು.

ಮಾವ ತೋರಿಸಿದ ಕಲ್ಲು

ನನ್ನ ಸೋದರಮಾವ ಗಣಿಯಲ್ಲಿ ಮೇಟ್, ಅಂದರೆ ಕೆಲಸಗಾರರ ಮೇಲ್ವಿಚಾರಕ ಆಗಿದ್ದರು. ಒಮ್ಮೆ ನಾರಿಹಳ್ಳ ಬೆಟ್ಟವನ್ನು ಸೀಳಿಕೊಂಡು ಹೋಗುವ ಕಡೆ ಅವರ ಜೊತೆ ಹೋಗಿದ್ದೆ. ನೀರು ಸವೆಸಿದ ಬಂಡೆಯೊಂದರ ಮುಂದೆ ನಾನು ನಿಂತುಬಿಟ್ಟೆ. ಒಂದು ಪಟ್ಟಿ ಕಪ್ಪು, ಒಂದು ಪಟ್ಟಿ ಕೆಂಪು, ನಡುವೆ ಬೂದು ಬಣ್ಣದ ಗೆರೆ, ಮತ್ತೆ ಕಪ್ಪು. ಕೆಲವು ಬೆರಳಗಲ, ಕೆಲವು ಕಾಗದದಷ್ಟು ತೆಳು. ಒಂದು ಕಡೆ ಪಟ್ಟಿಗಳೆಲ್ಲ ಒಟ್ಟಿಗೆ ಮಡಿಚಿ ಬಾಗಿದ್ದವು. "ಏನ್ ನೋಡ್ತೀಯಪ್ಪ ಅದನ್ನ, ಅದು ಬಿಎಚ್‌ಕ್ಯೂ, ಕೆಲ್ಸಕ್ಕ ಬರಲ್ಲ" ಅಂದರು ಮಾವ. ಅಂದವರೇ ಬಾಟಲಿಯ ನೀರನ್ನು ಬಂಡೆ ಮೇಲೆ ಸುರಿದರು. ಮಂಕಾಗಿದ್ದ ಪಟ್ಟಿಗಳು ಒಮ್ಮೆಲೇ ಎದ್ದು ಕಂಡವು. ಕೆಂಪು ಪಟ್ಟಿ ರಕ್ತದ ಬಣ್ಣಕ್ಕೆ ತಿರುಗಿತು. ಜೇಬಿನಲ್ಲಿದ್ದ ಅಯಸ್ಕಾಂತದ ತುಂಡನ್ನು ಹಚ್ಚಿ ನೋಡಿದೆವು. ಕೆಲವು ಕಪ್ಪು ಪಟ್ಟಿಗಳು ಅದನ್ನು ಹಿಡಿದವು, ಕೆಲವು ಹಿಡಿಯಲಿಲ್ಲ. ಕೆಂಪು ಪಟ್ಟಿ ಹಿಡಿಯಲೇ ಇಲ್ಲ. ಮಾವನಿಗೆ ಇದೆಲ್ಲ ಗೊತ್ತಿತ್ತು. ಕಲ್ಲನ್ನು ಕೈಯಲ್ಲಿ ತೂಗಿ ನೋಡಿಯೇ ಅದರಲ್ಲಿ ಕಬ್ಬಿಣ ಎಷ್ಟಿದೆ ಅಂತ ಅಂದಾಜು ಹೇಳುತ್ತಿದ್ದರು.

ಬಿಎಚ್‌ಕ್ಯೂ ಅಂದರೆ ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್‌ಜೈಟ್. ಗಣಿಯ ಜನ ಹೀಗೇ ಕರೆಯುತ್ತಾರೆ. ಒಂದು ಪಟ್ಟಿ ಕಬ್ಬಿಣದ ಆಕ್ಸೈಡು, ಇನ್ನೊಂದು ಪಟ್ಟಿ ಸಿಲಿಕಾ, ಮರಳಿನಲ್ಲಿರುವಂಥದ್ದೇ. ಅದರಲ್ಲಿ ಕಬ್ಬಿಣ ಸಾಮಾನ್ಯವಾಗಿ ಶೇಕಡ 25ರಿಂದ 35. ಒಳ್ಳೇ ದರ್ಜೆಯ ಅದಿರಿನಲ್ಲಿ 60ಕ್ಕಿಂತ ಜಾಸ್ತಿ ಇರುತ್ತದೆ. ಅದಿರು ಈ ಕಲ್ಲಿನಿಂದಲೇ ಆದದ್ದು. ಕೋಟ್ಯಂತರ ವರ್ಷ ಬಿಸಿಲು ಮಳೆಗೆ ಸಿಕ್ಕು, ನೀರು ಇಳಿದು ಸಿಲಿಕಾ ತೊಳೆದುಹೋಗಿ, ಕಬ್ಬಿಣ ಉಳಿದುಕೊಂಡಿತು. ಹಾಗಾಗಿ ಒಳ್ಳೇ ಅದಿರಿನಲ್ಲಿ ಹಳೇ ಪಟ್ಟಿಗಳು ಅಳಿಸಿಹೋಗಿರುವುದೇ ಹೆಚ್ಚು. ಕಥೆ ಓದಲು ಸಿಗುವುದು ಮಾವ ಕೆಲಸಕ್ಕೆ ಬಾರದ್ದು ಅಂದ ಕಲ್ಲಿನಲ್ಲಿ.

ಸಂಡೂರಿನ ಈ ಕಲ್ಲುಗಳಿಗೆ ಸುಮಾರು 270 ಕೋಟಿ ವರ್ಷ. 19ನೇ ಶತಮಾನದ ಕೊನೆಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲ ಓಡಾಡಿ ಇಂಥ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ. ಇವು ಕಡಲ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಕಡಲಿನಿಂದ ಇಷ್ಟು ದೂರದ ಸಂಡೂರಿನಲ್ಲಿ ಕಡಲ ತಳದ ಮೇಲೆ ಕುಮಾರಸ್ವಾಮಿ ಗುಡಿ ಇದೆ ಅಂತ ಯೋಚನೆ ಬಂದಾಗೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಕಡಲು ಎಂಥದ್ದು

ಇಂದಿನ ಕಡಲ ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲುವುದಿಲ್ಲ. ಆಮ್ಲಜನಕ ಸಿಕ್ಕ ತಕ್ಷಣ ತುಕ್ಕಾಗಿ ತಳ ಸೇರುತ್ತದೆ. 270 ಕೋಟಿ ವರ್ಷದ ಹಿಂದೆ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅಂತಲೇ ಹೇಳಬೇಕು. ಅದಕ್ಕೆ ಸಾಕ್ಷಿಯೂ ಕರ್ನಾಟಕದಲ್ಲೇ ಇದೆ. ಉತ್ತರ ಕನ್ನಡದ ಅರಬೈಲಿನ ಕಡೆ ಧಾರವಾಡ ಶಿಲೆಗಳ ಬುಡದಲ್ಲಿ ಹಳೇ ಹೊಳೆಯ ಉರುಟು ಕಲ್ಲುಗಳು ಸಿಗುತ್ತವೆ. ಅವುಗಳ ನಡುವೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ, ಯುರೇನಿಯಂ ಖನಿಜಗಳು ಇವೆ. ಆಮ್ಲಜನಕ ಇರುವ ಗಾಳಿಯಲ್ಲಿ ಇಂಥವು ಹೊಳೆಯ ನೀರಲ್ಲಿ ಉರುಳಿಕೊಂಡು ಬಂದು ಉಳಿಯುವುದಿಲ್ಲ, ಕೆಟ್ಟು ಕರಗುತ್ತವೆ. ಅವು ಉಳಿದಿವೆ ಅಂದರೆ ಆಗಿನ ಗಾಳಿ ಬೇರೆಯೇ ಆಗಿತ್ತು.

ಹಾಗಾಗಿ ಆ ಕಡಲ ತುಂಬಾ ಕರಗಿದ ಕಬ್ಬಿಣ. ಅದು ಬಂದದ್ದು ಕೆಳಗಿನಿಂದ. ಆಗ ಭೂಮಿಯ ಒಡಲು ಈಗಿನದಕ್ಕಿಂತ ಬಿಸಿ. ಕಡಲ ತಳದಲ್ಲಿ ಲಾವಾ ಉಕ್ಕುತ್ತಲೇ ಇತ್ತು. ಬಿರುಕುಗಳಲ್ಲಿ ಇಳಿದ ನೀರು ಕಾದು, ಕಲ್ಲಿನಿಂದ ಕಬ್ಬಿಣ ಎತ್ತಿಕೊಂಡು ಮೇಲೆ ಬರುತ್ತಿತ್ತು. ಕಡಲೊಳಗೆ ಲಾವಾ ಉಕ್ಕಿದ್ದನ್ನು ಕಣ್ಣಾರೆ ನೋಡಬೇಕು ಅಂದರೆ ಚಿತ್ರದುರ್ಗ ಜಿಲ್ಲೆಯ ಐಮಂಗಲದ ಹತ್ತಿರ ಮರಡಿಹಳ್ಳಿಗೆ ಹೋಗಿ. ಪಿಲ್ಲೋ ಲಾವಾ, ಅಂದರೆ ದಿಂಬಿನಾಕಾರದ ಲಾವಾ ಇರುವ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಗುಂಡಗಿನ ಉಂಡೆಗಳು ಒಂದರ ಮೇಲೊಂದು ಬಿದ್ದಿವೆ. ಒಂದೊಂದಕ್ಕೂ ಸುತ್ತ ತೆಳುವಾದ ಅಂಚಿದೆ. ಬಿಸಿ ಲಾವಾ ತಣ್ಣೀರಿಗೆ ತಾಗಿದ ಕ್ಷಣ ಹೊರಮೈ ಬಿಗಿದುಕೊಂಡ ಗುರುತು ಅದು. ಇಂಥ ಲಾವಾದಲ್ಲಿ ಮೇಲಿನ ಉಂಡೆಯ ಹೊಟ್ಟೆ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದಿರುತ್ತದೆ. ಅದನ್ನು ನೋಡಿಯೇ ಆಗ ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಅಂಚಿನ ಮೇಲೆ ಬೆರಳಾಡಿಸಿದ್ದು ನೆನಪಿದೆ. ಬಯಲುಸೀಮೆಯ ಒಣ ಗಾಳಿ, ಕೈ ಕೆಳಗೆ ಕಡಲು.

ಜೀವ ಹುಟ್ಟಿದ್ದು ಎಲ್ಲಿ ಅನ್ನುವುದರ ಬಗ್ಗೆ ಇನ್ನೂ ಜಗಳ ಇದೆ. ನೆಲದ ಮೇಲಿನ ಬಿಸಿನೀರ ಕುಂಡಗಳಲ್ಲಿ ಅನ್ನುವವರಿದ್ದಾರೆ. ಡಾರ್ವಿನ್ ಕೂಡ 1871ರಲ್ಲಿ ಗೆಳೆಯ ಹೂಕರ್‌ಗೆ ಬರೆದ ಕಾಗದದಲ್ಲಿ ಬೆಚ್ಚಗಿನ ಪುಟ್ಟ ಕೊಳವನ್ನು ಕಲ್ಪಿಸಿಕೊಂಡಿದ್ದ. ಕಡಲ ತಳದ ಬಿಸಿನೀರಿನ ಊಟೆಗಳಲ್ಲಿ, ಅಂದರೆ ಬುಗ್ಗೆಗಳಲ್ಲಿ ಅನ್ನುವವರು ಇನ್ನೊಂದು ಕಡೆ. ಅವರ ಮಾತಿಗೆ ಬಲ ಬಂದದ್ದು 2000ದಲ್ಲಿ ಅಟ್ಲಾಂಟಿಕ್ ನಡುವೆ ಲಾಸ್ಟ್ ಸಿಟಿ ಎಂಬ ಊಟೆಗಳ ಸಮೂಹ ಸಿಕ್ಕಿದ ಮೇಲೆ. ಅಲ್ಲಿ ಒಲಿವಿನ್ ಎಂಬ ಖನಿಜ ನೀರಿನ ಜೊತೆ ಸೇರಿದಾಗ ಖನಿಜದೊಳಗಿನ ಕಬ್ಬಿಣ ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ. ಆ ಜಲಜನಕವೇ ಸೂಕ್ಷ್ಮಜೀವಿಗಳಿಗೆ ಊಟ. ಬಿಸಿಲು ಬೇಡ, ಗಾಳಿಯ ಆಮ್ಲಜನಕ ಬೇಡ. ಕಲ್ಲು ಮತ್ತು ನೀರು ಇದ್ದರೆ ಸಾಕು. ನನ್ನ ಒಲವು ಈ ಪಕ್ಷದ ಕಡೆಗೆ. ಅದಕ್ಕೆ ಕಾರಣ ನಮ್ಮ ದೇಹದಲ್ಲೇ ಇದೆ. ಉಸಿರಾಟಕ್ಕೆ, ಗಾಳಿಯ ಸಾರಜನಕ ಹಿಡಿಯುವುದಕ್ಕೆ, ದ್ಯುತಿಸಂಶ್ಲೇಷಣೆಗೆ ಜೀವಕೋಶಗಳು ಬಳಸುವ ತೀರಾ ಹಳೇ ಪ್ರೋಟೀನುಗಳ ನಡುವೆ ಕಬ್ಬಿಣ ಮತ್ತು ಗಂಧಕದ ಪುಟ್ಟ ಗೊಂಚಲುಗಳು ಕೂತಿವೆ. ಕಡಲ ತಳದ ಊಟೆಗಳ ಸುತ್ತ ಬೇಕಾದಷ್ಟು ಸಿಗುವ ಸರಕು ಅದು. ಆ ಕಾಲದಲ್ಲಿ ಕಬ್ಬಿಣ ನೆಚ್ಚಿಕೊಳ್ಳುವುದು ಕಷ್ಟದ ಆಯ್ಕೆಯೇ ಅಲ್ಲ. ಸುತ್ತ ಇದ್ದದ್ದೇ ಅದು.

ತೀರಿಸಬೇಕಾದ ಸಾಲ

ಇನ್ನು ಆಮ್ಲಜನಕದ ಮಾತು. ತುಮಕೂರು ಜಿಲ್ಲೆಯ ದೊಡ್ಡಗುಣಿ, ಚಿತ್ರದುರ್ಗದ ಮಾರಿಕಣಿವೆ, ಶಿವಮೊಗ್ಗದ ಕುಂಸಿ, ಈ ಕಡೆಯ ಸುಣ್ಣದ ಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್‌ಗಳು ಸಿಕ್ಕಿವೆ. ಸೂಕ್ಷ್ಮಜೀವಿಗಳ ಲೋಳೆ ಪದರ, ಅದರ ಮೇಲೆ ಕೂತ ಕೆಸರು, ಮತ್ತೆ ಲೋಳೆ. ಹೀಗೆ ಬೆಳೆದ ಗುಮ್ಮಟಗಳು ಅವು. ಆಳವಿಲ್ಲದ, ಬಿಸಿಲು ಬೀಳುವ ಕಡಲಂಚಿನಲ್ಲಿ ಆದವು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯವೂ ಇವೆ. ಅಲ್ಲಿಯ ಶಾರ್ಕ್ ಬೇಯಲ್ಲಿ ಇಂದಿಗೂ ಬೆಳೆಯುತ್ತಿರುವುದನ್ನು ನೋಡಬಹುದು. ಇಂಥ ಲೋಳೆಗಳಲ್ಲಿದ್ದ ಒಂದು ಗುಂಪು, ನಾವು ಈಗ ಸಯನೋಬ್ಯಾಕ್ಟೀರಿಯಾ ಅನ್ನುವುದು, ಬಿಸಿಲಿನಲ್ಲಿ ನೀರನ್ನು ಒಡೆಯುವುದನ್ನು ಕಲಿತಿತು. ನೀರು ಒಡೆದರೆ ಆಮ್ಲಜನಕ ಹೊರಗೆ.

ಹೊರಗೆ ಬಂದದ್ದು ಗಾಳಿಗೆ ಸೇರಲಿಲ್ಲ. ಅದಕ್ಕೂ ಮುಂಚೆ ಸಾಲಗಾರರು ಸಾಲಾಗಿ ನಿಂತಿದ್ದರು. ಕಡಲಲ್ಲಿ ಕರಗಿದ ಕಬ್ಬಿಣ, ಜ್ವಾಲಾಮುಖಿಗಳು ಬಿಡುವ ಜಲಜನಕ, ಗಾಳಿಯಲ್ಲಿದ್ದ ಮೀಥೇನ್. ಹುಟ್ಟಿದ ಆಮ್ಲಜನಕವನ್ನೆಲ್ಲ ಇವು ಕಿತ್ತುಕೊಳ್ಳುತ್ತಿದ್ದವು. ಕಬ್ಬಿಣ ಆಮ್ಲಜನಕ ಹಿಡಿದು ತುಕ್ಕಾಗಿ ತಳಕ್ಕೆ ಬಿತ್ತು. ಅದೇ ಪಟ್ಟಿ ಪಟ್ಟಿಯ ಕಲ್ಲು. ಎಲ್ಲ ಪಟ್ಟಿಗಳೂ ಹೀಗೇ ಆದವು ಅಂತಲ್ಲ. ನೀರಿನ ಬದಲು ಕಬ್ಬಿಣವನ್ನೇ ಬಳಸಿ ಬಿಸಿಲಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಇವೆ. ಅವು ಆಮ್ಲಜನಕದ ಹಂಗಿಲ್ಲದೆ ಕಬ್ಬಿಣವನ್ನು ತುಕ್ಕಾಗಿಸುತ್ತವೆ. ಹಳೇ ಪಟ್ಟಿಗಳಲ್ಲಿ ಎಷ್ಟೋ ಅವುಗಳ ಕೆಲಸ ಇರಬೇಕು. ಎರಡರಲ್ಲಿ ಯಾವುದಾದರೂ ಸರಿ, ನಮ್ಮ ಬೆಟ್ಟ ಕಟ್ಟಿದ್ದರಲ್ಲಿ ಜೀವದ ಕೈ ಇದೆ.

ಈ ಸಾಲ ತೀರಲು ಕೋಟಿಗಟ್ಟಲೆ ವರ್ಷ ಹಿಡಿಯಿತು. ಗಾಳಿಯಲ್ಲಿ ಆಮ್ಲಜನಕ ನಿಂತದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಆಮ್ಲಜನಕ ಮಾಡುವ ಜೀವಿಗಳು ಅದಕ್ಕಿಂತ ಬಹಳ ಮೊದಲೇ ಇದ್ದವು ಅನ್ನುವುದು ಹಲವರ ಅಭಿಪ್ರಾಯ. ಹಾಗಿದ್ದರೆ ಇಷ್ಟು ತಡ ಯಾಕೆ? ನನಗೆ ತುಂಬಾ ಹಿಡಿಸಿದ ಒಂದು ಉತ್ತರ ನಿಕ್ಕಲ್‌ನದ್ದು. ಕೆನಡಾದ ವಿಜ್ಞಾನಿ ಕರ್ಟ್ ಕಾನ್‌ಹೌಸರ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಪ್ರಕಟಿಸಿದರು. ಅವರು ಅಳೆದದ್ದು ಇಂಥದ್ದೇ ಪಟ್ಟಿ ಕಲ್ಲುಗಳಲ್ಲಿ ಸಿಕ್ಕಿಕೊಂಡ ನಿಕ್ಕಲನ್ನು. ಸುಮಾರು 270 ಕೋಟಿ ವರ್ಷದ ಹಿಂದಿನಿಂದ ಅದು ಕಡಿಮೆಯಾಗುತ್ತಾ ಹೋಗಿತ್ತು. ಯಾಕೆಂದರೆ ಭೂಮಿಯ ಒಡಲು ತಣ್ಣಗಾಗುತ್ತಿತ್ತು. ತೀರಾ ಬಿಸಿಯಾದ ಒಡಲಿನಿಂದ ಮಾತ್ರ ಉಕ್ಕುವ ಕೊಮಾಟಿಯೈಟ್ ಎಂಬ ಲಾವಾ ಇದೆ. ನಿಕ್ಕಲ್ ಅದರಲ್ಲಿ ಜಾಸ್ತಿ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಕಲ್ಲು ಸಿಗುತ್ತದೆ. ಒಡಲು ತಣ್ಣಗಾದ ಹಾಗೆ ಅಂಥ ಲಾವಾ ಕಡಿಮೆ, ಕಡಲಿಗೆ ನಿಕ್ಕಲ್ ಕಡಿಮೆ. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ನಿಕ್ಕಲ್ ಇಲ್ಲದೆ ನಡೆಯದು. ಅವು ಸೊರಗಿದವು. ಮೀಥೇನ್ ಇಳಿಯಿತು. ಆಮ್ಲಜನಕಕ್ಕೆ ದಾರಿ ಬಿಟ್ಟಿತು.

ಇದೊಂದೇ ಕಾರಣ ಅಂತ ಯಾರೂ ಹೇಳುವುದಿಲ್ಲ. ಅದೇ ಕಾಲಕ್ಕೆ ನೆಲವೂ ಗಟ್ಟಿಯಾಗುತ್ತಿತ್ತು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಸಿಗುವ ನೈಸ್ ಎಂಬ ಶಿಲೆಗೆ ಸುಮಾರು 330 ಕೋಟಿ ವರ್ಷ. ರಾಮನಗರದ ಬೆಟ್ಟಗಳ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಅದು ಉಕ್ಕಿ ಗಟ್ಟಿಯಾಗುವ ಹೊತ್ತಿಗೆ ಕರ್ನಾಟಕದ ಕಲ್ಲಿನ ಬುನಾದಿ ಹೆಚ್ಚು ಕಡಿಮೆ ನೆಲೆಗೊಂಡಿತ್ತು. ಲೋಕದ ಬೇರೆ ಕಡೆಗಳಲ್ಲೂ ಖಂಡಗಳು ದಪ್ಪವಾಗಿ ನೀರಿನಿಂದ ಮೇಲೆದ್ದ ಕಾಲ ಅದು. ನೆಲ ಮೇಲೆ ಬಂದರೆ ಮಳೆ ಅದನ್ನು ತೊಳೆಯುತ್ತದೆ, ರಂಜಕ ಕಡಲಿಗೆ ಇಳಿಯುತ್ತದೆ. ಅಂಚಿನಲ್ಲಿ ಬಿಸಿಲು ಬೀಳುವ, ಆಳವಿಲ್ಲದ ಜಾಗ ಹೆಚ್ಚುತ್ತದೆ. ಲೋಳೆ ಪದರಗಳಿಗೆ ಗೊಬ್ಬರವೂ ಸಿಕ್ಕಿತು, ಜಾಗವೂ ಸಿಕ್ಕಿತು. ಲಾಲ್‌ಬಾಗಿನ ಬಂಡೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ನೋಡಿದಾಗ ಕರೆದು ಹೇಳಬೇಕು ಅನಿಸುತ್ತದೆ. ಇಂಥ ಬಂಡೆ ನೀರಿನಿಂದ ಮೇಲೆ ಬಂದದ್ದಕ್ಕೂ ನೀವೀಗ ಎಳೆದುಕೊಂಡ ಉಸಿರಿಗೂ ನಂಟಿದೆ ಅಂತ.

ಚಿಕ್ಕಮ್ಮನ ಮಾತ್ರೆ

ಈಗ ಮತ್ತೆ ರಕ್ತಕ್ಕೆ ಬರೋಣ. ಆಮ್ಲಜನಕ ಬಂತು, ಕಬ್ಬಿಣವೆಲ್ಲ ತುಕ್ಕಾಗಿ ತಳ ಸೇರಿತು. ಜೀವ ಅಷ್ಟರಲ್ಲಿ ಕಬ್ಬಿಣವನ್ನು ನೆಚ್ಚಿ ಬಹಳ ಕಾಲವಾಗಿತ್ತು. ಬಿಡುವ ಹಾಗಿರಲಿಲ್ಲ. ಕರಗುವ ಕಬ್ಬಿಣಕ್ಕೆ ಫೆರಸ್ ಅನ್ನುತ್ತಾರೆ, ತುಕ್ಕಿನ ಕಬ್ಬಿಣಕ್ಕೆ ಫೆರಿಕ್. ಫೆರಿಕ್ ನೀರಲ್ಲಿ ಕರಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದಿನಿಂದ ಜೀವಿಗಳೆಲ್ಲ ಕಬ್ಬಿಣಕ್ಕಾಗಿ ಹೆಣಗಾಡುತ್ತಿವೆ. ಬ್ಯಾಕ್ಟೀರಿಯಾಗಳು ಕಬ್ಬಿಣವನ್ನು ಹಿಡಿದು ತರಲೆಂದೇ ಬೇರೆ ಅಣುಗಳನ್ನು ತಯಾರಿಸಿ ಹೊರಗೆ ಬಿಡುತ್ತವೆ. ಅಂಟಾರ್ಕ್ಟಿಕಾ ಸುತ್ತಲಿನ ಕಡಲಲ್ಲಿ ಉಳಿದ ಪೋಷಕಾಂಶ ಧಾರಾಳ ಇದ್ದರೂ ಪಾಚಿ ಸರಿಯಾಗಿ ಬೆಳೆಯುವುದಿಲ್ಲ. ಕಬ್ಬಿಣ ಸಾಲದು. ಅಮೆರಿಕದ ಕಡಲ ವಿಜ್ಞಾನಿ ಜಾನ್ ಮಾರ್ಟಿನ್ ಇದನ್ನು ಬಲವಾಗಿ ವಾದಿಸಿದರು. 1993ರಲ್ಲಿ ಗಲಪಾಗೋಸ್ ಬಳಿಯ ಕಡಲಿಗೆ ಕಬ್ಬಿಣ ಬೆರೆಸಿ ನೋಡಿದಾಗ ಪಾಚಿ ನಿಜಕ್ಕೂ ಹೆಚ್ಚಿತು. ಅದನ್ನು ನೋಡಲು ಅವರು ಉಳಿದಿರಲಿಲ್ಲ. ಅದೇ ವರ್ಷ ತೀರಿಕೊಂಡಿದ್ದರು.

ನಮ್ಮ ಚಿಕ್ಕಮ್ಮ ಆಶಾ ಕಾರ್ಯಕರ್ತೆ. ಒಂದು ಸಲ ಅವರ ಜೊತೆ ಅಂಗನವಾಡಿಗೆ ಹೋಗಿದ್ದಾಗ ಚೊಚ್ಚಲ ಬಸುರಿಯೊಬ್ಬಳು ಮಾತ್ರೆಯ ಹಾಳೆ ಹಿಡಿದುಕೊಂಡು ಕೂತಿದ್ದಳು. ಕೆಂಪು ಮಾತ್ರೆಗಳು. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಅಂತ ಅವಳಿಗೆ ಹೆದರಿಕೆ. "ಕಪ್ಪಾದ್ರ ಹೆದರಬ್ಯಾಡವ್ವ, ಎಲ್ಲಾರಿಗೂ ಹಂಗ ಆಗತೈತಿ" ಅಂದರು ಚಿಕ್ಕಮ್ಮ. "ಚಾ ಕುಡದು ನುಂಗಬ್ಯಾಡ. ರಾತ್ರಿ ಉಂಡಮ್ಯಾಲೆ ನಿಂಬೆಹಣ್ಣಿನ ನೀರಿನ ಜತಿ ನುಂಗು." ಎಷ್ಟೋ ಹೆಂಗಸರಿಗೆ ಇದನ್ನೇ ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿತ್ತು.

ಆ ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ ಫೆರಸ್ ಸಲ್ಫೇಟ್. ಕರಗುವ ಕಬ್ಬಿಣ. 270 ಕೋಟಿ ವರ್ಷದ ಹಿಂದಿನ ಕಡಲಲ್ಲಿ ಕಬ್ಬಿಣ ಯಾವ ರೂಪದಲ್ಲಿತ್ತೋ ಅದೇ ರೂಪ. ಕರುಳು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದು ಅದನ್ನೇ. ನಿಂಬೆಯಲ್ಲಿರುವ ವಿಟಮಿನ್ ಸಿ ಫೆರಿಕ್ ಕಬ್ಬಿಣವನ್ನು ಫೆರಸ್‌ಗೆ ತಿರುಗಿಸಲು ನೆರವಾಗುತ್ತದೆ. ಟೀಯ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹೊರಗೆ ರಸ್ತೆಯಲ್ಲಿ ಹಾರುತ್ತಿದ್ದದ್ದು ಫೆರಿಕ್ ಆಕ್ಸೈಡು. ಅದು ಆ ಹುಡುಗಿಯ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು, ರಕ್ತಕ್ಕೆ ಉಪಯೋಗವಿಲ್ಲ. ಬೆಟ್ಟದ ಕಬ್ಬಿಣ ಅವಳಿಗೆ ಸಿಗದ ಹಾಗೆ ಮಾಡಿದ್ದು ಆಮ್ಲಜನಕ. ಆ ಆಮ್ಲಜನಕವನ್ನು ಮೈಯೆಲ್ಲ ಸಾಗಿಸಲು, ಹೊಟ್ಟೆಯಲ್ಲಿದ್ದ ಮಗುವಿಗೆ ತಲುಪಿಸಲು ಅವಳಿಗೆ ಕಬ್ಬಿಣವೇ ಬೇಕು. ಹಿಮೋಗ್ಲೋಬಿನ್ನಿನ ನಡುವೆ ಕೂತಿರುವುದು ಅದೇ. ದೊಡ್ಡವರ ಇಡೀ ದೇಹದಲ್ಲಿರುವ ಕಬ್ಬಿಣ ಎಲ್ಲ ಸೇರಿ 3ರಿಂದ 4 ಗ್ರಾಂ. ಅಷ್ಟಕ್ಕೇ ಇಷ್ಟೆಲ್ಲ.

ಮುಂದಿನದ್ದು ಬೇಗ ಹೇಳಿಬಿಡಬಹುದು. ಆಮ್ಲಜನಕ ಬಂದ ಮೇಲೂ ಸುಮಾರು ನೂರೈವತ್ತು ಕೋಟಿ ವರ್ಷ ಅದು ತೀರಾ ಕಡಿಮೆಯೇ ಇತ್ತು. ಸುಮಾರು 72 ಕೋಟಿ ವರ್ಷದ ಹಿಂದಿನಿಂದ ಎರಡು ಸಲ ಇಡೀ ಭೂಮಿ ಹೆಚ್ಚುಕಡಿಮೆ ಹೆಪ್ಪುಗಟ್ಟಿತು. ಎರಡು ಸಲವೂ ಜ್ವಾಲಾಮುಖಿಗಳು ಬಿಟ್ಟ ಇಂಗಾಲದ ಡೈ ಆಕ್ಸೈಡು ಕೂಡಿಕೊಂಡು ಹಿಮ ಕರಗಿಸಿತು. ಅದಾದ ಮೇಲೆಯೇ ಕಣ್ಣಿಗೆ ಕಾಣುವ ಪ್ರಾಣಿಗಳು. ಅಲ್ಲೂ ಬಾಗಿಲು ತೆರೆದದ್ದು ಭೂಮಿಯ ಒಡಲೇ.

ಉಳಿಸಬೇಕಾದ ಬೆಂಚು

ಗಣಿಗಾರಿಕೆಯ ಕಥೆ ನಿಮಗೆಲ್ಲ ಗೊತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದು, ಆಮೇಲೆ ಷರತ್ತು ಹಾಕಿ ಬಿಟ್ಟದ್ದು. ಗಣಿ ಬೇಡವೇ ಬೇಡ ಅಂತ ನಾನು ಹೇಳಲಾರೆ. ನಮ್ಮ ಮಾವನ ಮನೆಯ ಒಲೆ ಉರಿದದ್ದು ಅದರಿಂದ. ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ಇಷ್ಟು ದಿನ ಬಿಎಚ್‌ಕ್ಯೂ ಕಲ್ಲು ಉಳಿದುಕೊಂಡದ್ದು ಅದಕ್ಕೆ ಬೆಲೆ ಇರಲಿಲ್ಲ ಅಂತ. ಅದಿರು ತೆಗೆದವರು ಅದನ್ನು ಬದಿಗೆ ಬಿಟ್ಟರು. ಈಗ ಒಳ್ಳೇ ಅದಿರು ಕಡಿಮೆಯಾಗುತ್ತಿದೆ. ಕಡಿಮೆ ದರ್ಜೆಯ ಕಲ್ಲನ್ನೂ ಅರೆದು, ತೊಳೆದು, ಕಬ್ಬಿಣ ಬೇರ್ಪಡಿಸುವ ತಂತ್ರ ಬಂದಿದೆ. ಪಟ್ಟಿಗಳು ಚೆನ್ನಾಗಿ ಕಾಣುವ ಕಲ್ಲಿಗೂ ಇನ್ನು ಮುಂದೆ ಬೆಲೆ ಬರುತ್ತದೆ. ಬೆಲೆ ಬಂದರೆ ಅದು ಉಳಿಯುವುದಿಲ್ಲ.

ಇಡೀ ಬೆಟ್ಟ ಬಿಡಿ ಅಂತ ಕೇಳುತ್ತಿಲ್ಲ. ಕೆಲಸ ನಿಂತ ಗಣಿಯ ಒಂದು ಬೆಂಚು (ಬೆಟ್ಟವನ್ನು ಮೆಟ್ಟಿಲಿನ ಹಾಗೆ ಕಡಿದ ಜಾಗ), ಪಟ್ಟಿಗಳು ಸ್ಪಷ್ಟವಾಗಿ ಕಾಣುವ ಒಂದಿಷ್ಟು ಉದ್ದದ ಗೋಡೆ, ಜೊತೆಗೆ ನಾರಿಹಳ್ಳದ ಕಡೆ ನೀರು ತಾನೇ ಕೊರೆದು ತೋರಿಸಿರುವ ಬಂಡೆಗಳು. ಇವಿಷ್ಟನ್ನು ಮರಡಿಹಳ್ಳಿಯ ಹಾಗೆ ಗುರುತಿಸಿ, ಬೇಲಿ ಹಾಕಿ, ಸಂಡೂರು, ತೋರಣಗಲ್ಲು, ಹೊಸಪೇಟೆಯ ಶಾಲೆಗಳ ಮಕ್ಕಳನ್ನು ಕರೆದುಕೊಂಡು ಬರುವ ಹಾಗೆ ಮಾಡಬೇಕು. ಭೂಪರಂಪರೆಯ ತಾಣಗಳನ್ನು ಕಾಪಾಡಲು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಕರಡು ಮಸೂದೆ ಹೊರಡಿಸಿತ್ತು. ಅಂಥ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಗುತ್ತಿಗೆಯ ನಕ್ಷೆಯಲ್ಲಿ ಒಂದು ತುಂಡು ಜಾಗ ಬಿಡಿಸುವುದು ಜಿಲ್ಲೆಯ ಮಟ್ಟದಿಂದಲೇ ಶುರುವಾಗಬಹುದು. ಯಾವ ಬೆಂಚು ಅಂತ ತೋರಿಸಲು ಮಾವನಂಥವರು ಊರೂರಲ್ಲಿ ಇನ್ನೂ ಇದ್ದಾರೆ. ಅವರಿಗೆ ವಯಸ್ಸಾಗುತ್ತಿದೆ, ಅವರನ್ನು ಈಗಲೇ ಕೇಳಬೇಕು.